ಎರಡು ಕಪ್ ತಂದುಕೊಟ್ಟರೂ ವೋಟು ಬರಲಿಲ್ಲ

ಎಲ್ಲರಿಗೂ ನಮಸ್ಕಾರ. ಜುಲೈ ಬಂದರೆ ಐರ್ಲೆಂಡಿನ ಊರೂರಲ್ಲೂ ಕೌಂಟಿ (ಅಂದರೆ ಇಲ್ಲಿನ ಜಿಲ್ಲೆ) ಬಾವುಟಗಳು ಮೇಲೇಳುತ್ತವೆ, ಸೋಮವಾರ ಬೆಳಿಗ್ಗೆ ಆಫೀಸಿನಲ್ಲೆಲ್ಲ ಫುಟ್‌ಬಾಲಿನದೇ ಮಾತು, ಇಲ್ಲಿರುವ ನಮ್ಮ ಕನ್ನಡದವರು ಮಾತ್ರ ಕಾಫಿ ಹಿಡಿದು ಸುಮ್ನೆ ತಲೆಯಾಡಿಸುತ್ತಿರುತ್ತಾರೆ. ಅದಕ್ಕೇ ಈ ಸಲ ಜಾನ್ ಓಮಹೋನಿ ಅವರ ಬಗ್ಗೆ ಬರೆಯುತ್ತಿದ್ದೇನೆ. ಮೇಯೋ ಕೌಂಟಿಯವರು. ಆಟಗಾರ, ಶಾಲೆ ಮೇಷ್ಟ್ರು, ಕೋಚ್, ಕೊನೆಗೆ ರಾಜಕಾರಣಿ. 2024ರ ಜುಲೈನಲ್ಲಿ, 71ನೇ ವಯಸ್ಸಿನಲ್ಲಿ ತೀರಿಕೊಂಡರು.

ಇದು ಮೆಸ್ಸಿ ಆಡುವ ಫುಟ್‌ಬಾಲ್ ಅಲ್ಲ, ಗೇಲಿಕ್ ಫುಟ್‌ಬಾಲ್. ಒಂದೊಂದು ಕಡೆ 15 ಜನ, ಚೆಂಡನ್ನು ಕೈಯಲ್ಲೂ ಹಿಡಿಯಬಹುದು, ಬಲೆಗೆ ಹೋದರೆ 3 ಪಾಯಿಂಟ್. ಆಡುವವರಿಗೆ ಸಂಬಳ ಇಲ್ಲ. ಭಾನುವಾರ ಡಬ್ಲಿನ್‌ನ ಕ್ರೋಕ್ ಪಾರ್ಕ್ ಮೈದಾನದಲ್ಲಿ 80 ಸಾವಿರ ಜನರ ಮುಂದೆ ಆಡಿದ ಹುಡುಗ ಮರುದಿನ ಯಥಾಪ್ರಕಾರ ಕೆಲಸಕ್ಕೆ ಹೋಗುತ್ತಾನೆ. ದುಡ್ಡು ಕೊಟ್ಟು ಆಟಗಾರರನ್ನು ಕೊಂಡು ತರುವ ಹಾಗೂ ಇಲ್ಲ, ಹೆಚ್ಚಾಗಿ ಆ ಕೌಂಟಿಯಲ್ಲಿ ಬೆಳೆದವರೇ ಆ ಕೌಂಟಿಗೆ. ಅಂದರೆ ಕೋಚ್ ಆದವನು ಇದ್ದವರಲ್ಲೇ ತಂಡ ಕಟ್ಟಬೇಕು.

ಓಮಹೋನಿ ಹುಡುಗನಾಗಿದ್ದಾಗ, 1971ರಲ್ಲಿ, ಮೇಯೋ ಮೈನರ್ (18ರೊಳಗಿನವರ) ತಂಡದಲ್ಲಿದ್ದು ಅಖಿಲ ಐರ್ಲೆಂಡ್ ಕಪ್ ಗೆದ್ದರು, 1974ರಲ್ಲಿ 21ರೊಳಗಿನವರ ತಂಡದಲ್ಲೂ ಗೆದ್ದರು. ಹಿರಿಯರ ಕಪ್ ಮಾತ್ರ ಮೇಯೋಗೆ 1951ರಿಂದ ಇವತ್ತಿನವರೆಗೂ ಬಂದಿಲ್ಲ. 18 ವರ್ಷ ‘ಈ ಸಲ ಕಪ್ ನಮ್ದೇ’ ಅಂದವರಿಗೆ ಇದು ಹೊಸದಾಗಿ ವಿವರಿಸಬೇಕಾದ ಕಷ್ಟ ಅಲ್ಲ ಬಿಡಿ. 1989ರಲ್ಲಿ ಕೋಚ್ ಆಗಿ ಇವರೇ ತಂಡವನ್ನು ಫೈನಲ್‌ಗೆ ಕರೆದುಕೊಂಡು ಹೋದರು, ಕಾರ್ಕ್ ಎದುರು ಸೋತರು.

ನನ್ನನ್ನು ಕೇಳಿದರೆ ಅವರ ದೊಡ್ಡ ಕೆಲಸ ಲೀಟ್ರಿಮ್‌ನಲ್ಲಿ ಆದದ್ದು. ಇಡೀ ದೇಶದಲ್ಲೇ ಕಡಿಮೆ ಜನ ಇರುವ ಕೌಂಟಿ ಅದು. 1841ರಲ್ಲಿ ಒಂದೂವರೆ ಲಕ್ಷ ಜನ ಇದ್ದ ಜಾಗ, ಬರಗಾಲ, ವಲಸೆ ಅಂತ ಖಾಲಿಯಾಗುತ್ತಾ ಆಗುತ್ತಾ 1990ರ ಹೊತ್ತಿಗೆ 25 ಸಾವಿರಕ್ಕೆ ಇಳಿದಿತ್ತು. ಪ್ರತಿ ವರ್ಷ ಒಂದಷ್ಟು ಹುಡುಗರು ಲಂಡನ್ನಿಗೋ ನ್ಯೂಯಾರ್ಕಿಗೋ ಹೊರಟುಬಿಟ್ಟರೆ 15 ಜನರನ್ನು ಎಲ್ಲಿಂದ ತರೋದು? 1927ರಲ್ಲಿ ಒಂದು ಸಲ ಕೊನಾಕ್ಟ್ ಪ್ರಾಂತ್ಯದ ಕಪ್ ಗೆದ್ದಿದ್ದರು, ಅಷ್ಟೇ. ಅಂಥ ತಂಡವನ್ನು ಹಿಡಿದುಕೊಂಡು ಓಮಹೋನಿ 1994ರಲ್ಲಿ ಮತ್ತೆ ಆ ಕಪ್ ಗೆದ್ದರು. ಫೈನಲ್‌ನಲ್ಲಿ ಎದುರಿಗೆ ಇದ್ದದ್ದು ಯಾರು ಗೊತ್ತಾ? ಅವರದೇ ಮೇಯೋ!

ಮುಂದೆ ಗಾಲ್ವೇ. ಮೇಯೋಗೂ ಗಾಲ್ವೇಗೂ ಬೇಲಿ ಒಂದೇ, ಜಗಳ ಹಳೇದು, ಅಲ್ಲಿಗೆ ಹೋಗಿ ಕೋಚ್ ಆಗೋದು ಅಂದರೆ ಊರವರ ಬಾಯಿಗೆ ಬೀಳೋದೇ ಅಲ್ವಾ. 1998ರಲ್ಲಿ ಮೊದಲ ಪಂದ್ಯದಲ್ಲೇ ಮೇಯೋವನ್ನು ಅದರ ಮೈದಾನದಲ್ಲೇ ಸೋಲಿಸಿ, ಸೆಪ್ಟೆಂಬರ್‌ನಲ್ಲಿ ಸ್ಯಾಮ್ ಮಗ್ವಾಯರ್ ಕಪ್, ಅಂದರೆ ಹಿರಿಯರ ಅಖಿಲ ಐರ್ಲೆಂಡ್ ಕಪ್ ಎತ್ತಿದರು. ಗಾಲ್ವೇಗೆ 1966ರ ನಂತರ ಸಿಕ್ಕಿದ್ದು ಅದೇ ಮೊದಲು. 2001ರಲ್ಲಿ ಮತ್ತೊಮ್ಮೆ.

ರಾಜಕೀಯಕ್ಕೆ ಬಂದದ್ದು 2007ರಲ್ಲಿ, ಫಿನ ಗೇಲ್ ಪಕ್ಷದಿಂದ ಮೇಯೋದ ಟಿ.ಡಿ. ಆಗಿ, ಅಂದರೆ ಇಲ್ಲಿನ ಎಂಪಿ. ಆಗ ಮತ್ತೆ ಮೇಯೋ ತಂಡದ ಕೋಚ್ ಕೂಡ ಅವರೇ! ಅತ್ತ ಡಬ್ಲಿನ್‌ನಲ್ಲಿ ಸಂಸತ್ತು, ಇತ್ತ ಮೇಯೋದಲ್ಲಿ ಪ್ರಾಕ್ಟೀಸ್. ಎರಡೂ ಒಬ್ಬನ ಕೈಲಿ ಆಗುವ ಕೆಲಸ ಅಂತ ನನಗಂತೂ ಅನ್ನಿಸೋದಿಲ್ಲ. 2010ರಲ್ಲಿ ಸ್ಲೈಗೋ ಎದುರು, ಆಮೇಲೆ ಲಾಂಗ್‌ಫರ್ಡ್ ಎದುರು ಸೋತ ಮೇಲೆ ಕೋಚ್ ಕೆಲಸ ಬಿಟ್ಟರು. ಇಲ್ಲಿ ಆಟಗಾರರು ರಾಜಕೀಯಕ್ಕೆ ಬರೋದು ಹೊಸದೇನಲ್ಲ. ಪ್ರಧಾನಿಯಾಗಿದ್ದ ಜ್ಯಾಕ್ ಲಿಂಚ್ ಕಾರ್ಕ್‌ಗೆ ಆಡಿ ಗೆದ್ದವರು, ಇನ್ನೊಬ್ಬ ಮಾಜಿ ಪ್ರಧಾನಿ ಎಂಡಾ ಕೆನ್ನಿಯ ಅಪ್ಪ 1936ರ ಮೇಯೋ ತಂಡದಲ್ಲಿದ್ದರು. ಇಲ್ಲಿನ ಟಿ.ಡಿ.ಗಳ ದಿನ ಹೇಗಿರುತ್ತೆ ಅಂದರೆ, ಯಾರದೋ ಉಚಿತ ಚಿಕಿತ್ಸೆಯ ಮೆಡಿಕಲ್ ಕಾರ್ಡ್, ಯಾರದೋ ಮನೆ ಕಟ್ಟುವ ಪರ್ಮಿಷನ್, ರಸ್ತೆ ಗುಂಡಿ, ಯಾರದೋ ಸಾವಿಗೆ ಹೋಗಿ ಬರೋದು. ಹಳ್ಳಿ ಹಳ್ಳಿ ಸುತ್ತಿ ಹುಡುಗರನ್ನು ಹುಡುಕಿದ ಕೋಚ್‌ಗೆ ಆ ಮನೆಗಳೆಲ್ಲ ಮೊದಲೇ ಗೊತ್ತಿರುತ್ತವೆ.

ಹಾಗಂತ ಕಪ್ ಎಲ್ಲ ವೋಟಾಗೋದಿಲ್ಲ. 2016ರಲ್ಲಿ ಮೇಯೋಗೆ ಒಂದು ಸೀಟು ಕಡಿಮೆಯಾಗಿ, ಅದರ ಒಂದು ತುಂಡು ಗಾಲ್ವೇ ವೆಸ್ಟ್ ಕ್ಷೇತ್ರಕ್ಕೆ ಸೇರಿತು. ಓಮಹೋನಿ ಅಲ್ಲಿ ನಿಂತರು. ಅವರು ಯಾರಿಗೆ ಎರಡು ಕಪ್ ತಂದುಕೊಟ್ಟಿದ್ದರೋ ಆ ಊರೇ ಅವರನ್ನು ಸೋಲಿಸಿತು. ಆಮೇಲೆ 2020ರವರೆಗೆ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿದ್ದರು.

ನಮ್ಮವರಿಗೆ ಇದರಲ್ಲಿ ಏನಿದೆ ಅಂತ ಕೇಳುತ್ತೀರಿ. ಮಕ್ಕಳು ಹೇಗೂ ಶಾಲೆಯಿಂದ ಆ ಆಟ ಕಲಿತುಕೊಂಡು ಬರುತ್ತಿದ್ದಾರೆ, ಊರಿನ ಕ್ಲಬ್‌ಗಳಿಗೆ ಸ್ವಯಂಸೇವಕರು ಸಾಲದೇ ಸಾಲದು, ಗೆರೆಯ ಪಕ್ಕ ಛತ್ರಿ ಹಿಡಿದು ನಿಂತ ಅಪ್ಪ ಅಮ್ಮಂದಿರನ್ನೇ ಅವರು ಮೊದಲು ಕೇಳೋದು. ಇನ್ನೊಂದು ವಿಷಯ, ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ: ಕೌಂಟಿ ಕೌನ್ಸಿಲ್ ಚುನಾವಣೆಗೆ ಐರಿಶ್ ಪಾಸ್‌ಪೋರ್ಟ್ ಬೇಕಿಲ್ಲ, ಇಲ್ಲಿ ವಾಸ ಇದ್ದರೆ ಸಾಕು, ವೋಟ್ ಹಾಕಬಹುದು, ನಿಲ್ಲಲೂಬಹುದು. 2024ರಲ್ಲಿ ಸೌತ್ ಡಬ್ಲಿನ್‌ಗೆ ಮೇಯರ್ ಆದವರು ಕೇರಳದಿಂದ ಬಂದವರು. ಮುಂದಿನ ಚುನಾವಣೆ 2029ಕ್ಕೆ. ಹೆಸರು ಸೇರಿಸಲು ನಿಮ್ಮ ಕೌನ್ಸಿಲ್ ಆಫೀಸಿಗೆ ಹೋಗಬಹುದು, ಆನ್‌ಲೈನ್‌ನಲ್ಲೂ ಆಗುತ್ತದೆ.