ಕರ್ಣಕುಂಡಲದ ಬೀಜ: ಹೊರಡುವ ಮುನ್ನ ಓದಿ

ನಮ್ಮ ಬೀಜ ಬ್ಯಾಂಕಿಗೆ, ಎಂದರೆ ಬೀಜ ಕಾಪಿಡುವ ಸಂಗ್ರಹಕ್ಕೆ, ಕಾಡು ಕರ್ಣಕುಂಡಲದ ಬೀಜ ತರಲು ಹೊರಟಿರುವ ಎಲ್ಲರಿಗೂ ನಮಸ್ಕಾರ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅರಣ್ಯ ಜಾಗದಲ್ಲಿ ಯಾರೂ ಬೀಜ ತೆಗೆಯುವುದು ಬೇಡ.

ಚಿರೇಕಲ್ಲು ಹಾಸಿನ ಮೇಲಿನ ಕಾಡು ಕರ್ಣಕುಂಡಲ ಮಳೆ ಕಡಿಮೆಯಾಗುವ ಹೊತ್ತಿಗೆ ಕಾಯಿ ಬಲಿಸುತ್ತದೆ. ಬಲಿತ ಕಾಯಿಗೆ ಬೆರಳು ತಾಗಿದರೆ ಸಾಕು, ಐದು ಹೋಳಾಗಿ ಸುರುಳಿ ಸುತ್ತಿ ಬೀಜ ಸಿಡಿಸುತ್ತದೆ; ಕಲ್ಲಿನ ಬಿರುಕಿಗೆ ಬಿದ್ದದ್ದು ಮತ್ತೆ ಸಿಗುವುದಿಲ್ಲ. ಹಾಗಾಗಿ ಕಾಯಿ ಉಬ್ಬುತ್ತಿರುವಾಗಲೇ ತೆಳು ಬಟ್ಟೆಯ ಚೀಲ ಕಟ್ಟಿ, ಅದು ತಾನಾಗಿ ಒಡೆಯಲಿ. ಹಸಿ ಕಾಯಿ ಕಿತ್ತರೆ ಸಿಗುವುದು ಬಿಳಿ, ಬಲಿಯದ ಬೀಜ. ಅದು ಬ್ಯಾಂಕಿಗೆ ಬಾರದು.

ಸಾಧ್ಯವಾದಷ್ಟು 50 ಗಿಡಗಳಿಂದ ಸ್ವಲ್ಪ ಸ್ವಲ್ಪ ತೆಗೆಯಿರಿ. ಅಂದು ಬಲಿತದ್ದರಲ್ಲಿ ಶೇ. 20 ಮೀರಬಾರದು, ಇದು ಒಂದೇ ಮಳೆಗಾಲದ ಗಿಡ, ಮುಂದಿನ ವರ್ಷದ ಹೂವೆಲ್ಲ ನೆಲಕ್ಕೆ ಬಿದ್ದ ಬೀಜದ್ದೇ.

ಪ್ಲಾಸ್ಟಿಕ್ ಕೊಟ್ಟೆ ಬೇಡವೇ ಬೇಡ, ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ. ಕಾಗದದ ಲಕೋಟೆ ತನ್ನಿ; ಜಾಗ, ದಿನಾಂಕ, ಗಿಡಗಳ ಎಣಿಕೆಯನ್ನು ಪೆನ್ಸಿಲ್‌ನಲ್ಲಿ ಬರೆಯಿರಿ.

ನಮ್ಮ ಕರಾವಳಿಯ ಗಾಳಿಯಲ್ಲಿ ನೆರಳಿಗೆ ಹರಡಿದರೆ ಸಾಲದು. ಬೀಜದಷ್ಟೇ ತೂಕದ ಸಿಲಿಕಾ ಜೆಲ್ (ತೇವ ಹೀರುವ ಹರಳು) ಜೊತೆ ಗಾಳಿಯಾಡದ ಬಾಟಲಿಯಲ್ಲಿಡಿ, ನೀಲಿ ಹರಳು ಗುಲಾಬಿಯಾದರೆ ಬದಲಿಸಿ. ಪೂರ್ತಿ ಒಣಗಿದ ಮೇಲೆಯೇ ಮೈನಸ್ 20 ಡಿಗ್ರಿಯ ಫ್ರೀಜರ್. ತೇವ ಉಳಿದರೆ ಒಳಗೇ ಮಂಜುಗಟ್ಟಿ ಜೀವಕೋಶ ಒಡೆಯುತ್ತದೆ.

ರಾಮಪತ್ರೆ, ಮುರುಗಲು ಮರಗಳ ಬೀಜಕ್ಕೆ ಈ ಕ್ರಮ ಹಾಕಬೇಡಿ. ಅವು ಒಣಗಿದರೆ ಸತ್ತಂತೆಯೇ, ತಂದ ಕೂಡಲೇ ಬಿತ್ತಿ.