ಕಾಶಿಯಾತ್ರೆಯ ಪಟ್ಟಿಯಲ್ಲಿ ಸಾರನಾಥ, ಬೋಧಗಯೆಗೂ ಒಂದೊಂದು ದಿನ ಇರಲಿ

ಸಂಪಾದಕರಿಗೆ,

ಮಾನ್ಯರೇ,

ಅಡಿಕೆ ಕೊಯ್ಲು ಮುಗಿದು ಮಂಡಿಯ ಲೆಕ್ಕ ಚುಕ್ತಾ ಆಗುವ ಹೊತ್ತಿಗೆ ಸಾಗರ, ತೀರ್ಥಹಳ್ಳಿ, ಹೊಸನಗರ, ಶಿಕಾರಿಪುರ ಕಡೆಗಳಿಂದ ಉತ್ತರ ಭಾರತದ ಯಾತ್ರೆಗೆ ತಂಡ ಕಟ್ಟಿಕೊಂಡು ಹೊರಡುವುದು ನಮ್ಮಲ್ಲಿ ಈಗ ವಾಡಿಕೆಯಾಗಿದೆ. ಅಂಥ ಯಾತ್ರೆಗಳ ಜಾಹೀರಾತುಗಳನ್ನು ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ನೋಡುವಾಗ ಒಂದು ವಿಷಯ ಕಣ್ಣಿಗೆ ಬೀಳುತ್ತದೆ: ಕಾಶಿ, ಗಯಾ, ಪ್ರಯಾಗ, ಅಯೋಧ್ಯೆಗಳ ಹೆಸರು ದೊಡ್ಡಕ್ಷರದಲ್ಲಿದ್ದರೆ, ಸಾರನಾಥ ಮತ್ತು ಬೋಧಗಯೆಗಳು ‘ಸಮಯಾವಕಾಶವಿದ್ದಲ್ಲಿ’ ಎಂಬ ಒಕ್ಕಣೆಯೊಂದಿಗೆ ಕೊನೆಯ ಸಾಲಿನಲ್ಲಿರುತ್ತವೆ, ಇಲ್ಲವೇ ಇರುವುದೇ ಇಲ್ಲ. ಧಾರ್ಮಿಕ ದತ್ತಿ ಇಲಾಖೆಯ ಸಹಾಯಧನದೊಂದಿಗೆ 2022ರ ನವೆಂಬರಿನಲ್ಲಿ ಆರಂಭವಾದ ಕಾಶಿ ದರ್ಶನ ರೈಲಿನ ಯೋಜನೆಯಲ್ಲೂ ವಾರಾಣಸಿ, ಅಯೋಧ್ಯೆ, ಪ್ರಯಾಗಗಳೇ ಮುಖ್ಯ. ಈ ಎರಡು ಬೌದ್ಧ ಕ್ಷೇತ್ರಗಳನ್ನು ಯಾತ್ರೆಯ ಬಾಲಂಗೋಚಿಯಾಗಿ ನೋಡುವ ಪದ್ಧತಿ ಬದಲಾಗಬೇಕು, ಅದರಲ್ಲೂ ಶಿವಮೊಗ್ಗ ಜಿಲ್ಲೆಯವರಾದ ನಾವು ಅದನ್ನು ಬದಲಾಯಿಸಿಕೊಳ್ಳಲು ನಮ್ಮದೇ ಕಾರಣಗಳಿವೆ ಎಂದು ತೋರಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನಾನು ಹೋಗಿದ್ದ ತಂಡದ ವ್ಯವಸ್ಥಾಪಕರು ಒಳ್ಳೆಯವರೇ. ಅಡುಗೆಯವರನ್ನು ಜೊತೆಗೇ ಕರೆದುಕೊಂಡು ಬಂದು, ಬಿಹಾರದ ಬಯಲಿನಲ್ಲೂ ನಮಗೆ ಅನ್ನ, ತಂಬುಳಿ ಬಡಿಸಿದವರು. ಆದರೆ ಬೋಧಗಯೆಯಲ್ಲಿ ಅವರು ಕೊಟ್ಟದ್ದು ಅರ್ಧ ಗಂಟೆ. ಚಪ್ಪಲಿ, ಮೊಬೈಲು ಒಪ್ಪಿಸಿ ಸರದಿಯಲ್ಲಿ ನಿಲ್ಲುವಷ್ಟರಲ್ಲೇ ಅದು ಮುಗಿಯಿತು. ಬಸ್ಸಿನಲ್ಲಿ ಹಿರಿಯರೊಬ್ಬರು ‘ಅದು ನಮ್ಮ ದೇವಸ್ಥಾನ ಅಲ್ಲವಲ್ಲ, ಬಿಡಿ’ ಎಂದಾಗ ಯಾರೂ ಎದುರಾಡಲಿಲ್ಲ.

ಆದರೆ ಆ ಊರುಗಳ ಹಬ್ಬಗಳ ಲೆಕ್ಕವನ್ನು ನೋಡಿದರೆ ನಮ್ಮದು, ಅವರದು ಎಂದು ಅಷ್ಟು ಸಲೀಸಾಗಿ ಗೆರೆ ಎಳೆಯಲು ಬರುವುದಿಲ್ಲ. ಕಾರ್ತಿಕ ಹುಣ್ಣಿಮೆಯಂದು ಕಾಶಿಯ ಘಾಟುಗಳಲ್ಲಿ ದೇವ ದೀಪಾವಳಿ ನಡೆಯುತ್ತದೆ. ಶಿವನು ತ್ರಿಪುರಾಸುರರನ್ನು ಸಂಹರಿಸಿದ ದಿನವೆಂದು ಅಂದು ಗಂಗೆಯ ಮೆಟ್ಟಿಲುಗಳ ಉದ್ದಕ್ಕೂ ಹಣತೆ ಹಚ್ಚುತ್ತಾರೆ. ಅದೇ ಹುಣ್ಣಿಮೆಯಂದು, ಅಲ್ಲಿಂದ ಸುಮಾರು 10 ಕಿಲೋಮೀಟರ್ ದೂರದ ಸಾರನಾಥದಲ್ಲಿ ಮೂಲಗಂಧಕುಟಿ ವಿಹಾರದಲ್ಲಿರುವ ಬುದ್ಧನ ಅಸ್ಥಿಯ ಅವಶೇಷಗಳನ್ನು ಸಾರ್ವಜನಿಕ ದರ್ಶನಕ್ಕೆ ಹೊರತರುತ್ತಾರೆ. ಶ್ರೀಲಂಕಾದ ಅನಾಗರಿಕ ಧರ್ಮಪಾಲರು ಸ್ಥಾಪಿಸಿದ ಮಹಾಬೋಧಿ ಸೊಸೈಟಿ ಕಟ್ಟಿಸಿದ ಈ ವಿಹಾರ 1931ರ ನವೆಂಬರಿನಲ್ಲಿ ತೆರೆಯಿತು. ಅದರ ಒಳಗೋಡೆಗಳ ಮೇಲೆ ಬುದ್ಧನ ಜೀವನವನ್ನು ಚಿತ್ರಿಸಿದವರು ಜಪಾನಿನ ಕಲಾವಿದ ಕೊಸೆತ್ಸು ನೋಸು. ದೇವ ದೀಪಾವಳಿಗೆಂದೇ ಕಾಶಿಗೆ ಹೋದ ನಮ್ಮ ಕಡೆಯ ಜನ ಸಂಜೆಯ ದೋಣಿಗಾಗಿ ಮಧ್ಯಾಹ್ನದಿಂದಲೇ ಕಾದು ಕುಳಿತಿರುತ್ತಾರೆ. ಬೆಳಿಗ್ಗೆ ಸಾರನಾಥಕ್ಕೆ ಹೋಗಿ ಆ ದರ್ಶನ ಮಾಡಿಕೊಂಡು ಬರಬಹುದೆಂದು ಅವರಿಗೆ ಹೇಳುವವರೇ ಇಲ್ಲ.

ಸಾರನಾಥವಾದರೂ ಕೇವಲ ಬೌದ್ಧರ ಊರಲ್ಲ. ಅಲ್ಲಿನ ಸಾರಂಗನಾಥ ದೇವಾಲಯದಲ್ಲಿ ಶ್ರಾವಣ ಮಾಸದುದ್ದಕ್ಕೂ ಶಿವಭಕ್ತರ ಜಾತ್ರೆ. ಬುದ್ಧನು ಮೊದಲ ಉಪದೇಶ ಮಾಡಿದ ಸ್ಥಳವೆನ್ನುವ ಧಮೇಕ್ ಸ್ತೂಪದ ಪಕ್ಕದಲ್ಲೇ ಹನ್ನೊಂದನೆಯ ತೀರ್ಥಂಕರ ಶ್ರೇಯಾಂಸನಾಥರ ಬಸದಿಯಿದೆ. ಹೊಂಬುಜದ ಪದ್ಮಾವತಿಗೆ ನಡೆದುಕೊಳ್ಳುವ ನಮ್ಮ ಜೈನ ಬಂಧುಗಳಿಗೆ ಇದು ತಿಳಿದಿರುತ್ತದೆ, ಉಳಿದವರಿಗೆ ತಿಳಿದಿರುವುದಿಲ್ಲ. ಇನ್ನು ಆಷಾಢ ಹುಣ್ಣಿಮೆ. ನಮ್ಮಲ್ಲಿ ಅದು ವ್ಯಾಸಪೂರ್ಣಿಮೆ. ಶೃಂಗೇರಿಯಿಂದ ಹೊಸನಗರದವರೆಗೆ ಮಠಗಳಲ್ಲಿ ಯತಿಗಳು ಚಾತುರ್ಮಾಸ್ಯಕ್ಕೆ ಕುಳಿತುಕೊಳ್ಳುವ ದಿನ. ಬೌದ್ಧರಿಗೆ ಅದು ಬುದ್ಧನು ಸಾರನಾಥದಲ್ಲಿ ಮೊದಲ ಉಪದೇಶ ಮಾಡಿದ ಧರ್ಮಚಕ್ರ ಪ್ರವರ್ತನದ ದಿನ, ಮರುದಿನದಿಂದಲೇ ಭಿಕ್ಷುಗಳಿಗೆ ವರ್ಷಾವಾಸ ಆರಂಭ. ಮಳೆಗಾಲದಲ್ಲಿ ಸಂಚಾರ ನಿಲ್ಲಿಸಿ ಒಂದೆಡೆ ನೆಲೆಸಬೇಕೆಂಬ ಸನ್ಯಾಸಿಯ ನಿಯಮ ಎರಡೂ ಕಡೆ ಒಂದೇ ಹುಣ್ಣಿಮೆಯನ್ನು ಹಿಡಿದು ನಡೆದುಬಂದಿದೆ. ಆಗುಂಬೆಯ ಮಳೆ ಕಂಡವರಿಗೆ ಆ ನಿಯಮದ ಕಾರಣವನ್ನು ಯಾರೂ ವಿವರಿಸಬೇಕಾಗಿಲ್ಲ.

ಗಯೆಯ ವಿಷಯ ಇನ್ನೂ ಹತ್ತಿರದ್ದು, ಏಕೆಂದರೆ ನಮ್ಮ ಯಾತ್ರಿಕರಲ್ಲಿ ಬಹುಪಾಲು ಜನ ಅಲ್ಲಿಗೆ ಹೋಗುವುದು ಪಿತೃಕಾರ್ಯಕ್ಕೆ. ಅಹಲ್ಯಾಬಾಯಿ ಹೋಳ್ಕರ್ 1787ರಲ್ಲಿ ಮರಳಿ ಕಟ್ಟಿಸಿದ ವಿಷ್ಣುಪಾದ ದೇವಾಲಯದಲ್ಲಿ ಪಿಂಡವಿಟ್ಟು, ಫಲ್ಗು ನದಿಯ ಮರಳಿನಲ್ಲಿ ತರ್ಪಣ ಕೊಟ್ಟು, ಕೊನೆಗೆ ಇಷ್ಟವಾದ ಒಂದು ಪದಾರ್ಥವನ್ನು ಬಿಟ್ಟು ಬರುತ್ತಾರೆ. (ಹೆಚ್ಚಿನವರು ಬಿಟ್ಟು ಬರುವುದು ಮೊದಲಿನಿಂದಲೂ ಬಾಯಿಗೆ ಸೇರದ ಹಾಗಲಕಾಯಿಯನ್ನೋ ಸೋರೆಕಾಯಿಯನ್ನೋ ಎಂಬುದು ಬೇರೆ ಮಾತು.) ಆದರೆ ಗಯಾಶ್ರಾದ್ಧವನ್ನು ವಿಸ್ತಾರವಾಗಿ ಮಾಡುವವರು ವಿಷ್ಣುಪಾದದಲ್ಲಿಗೇ ನಿಲ್ಲಿಸುವುದಿಲ್ಲ, ಸುಮಾರು 12 ಕಿಲೋಮೀಟರ್ ದೂರದ ಬೋಧಗಯೆಯ ಕಡೆಯಲ್ಲಿರುವ ಧರ್ಮಾರಣ್ಯ, ಮತಂಗವಾಪಿಗಳಲ್ಲೂ, ಬೋಧಿವೃಕ್ಷದ ಸನ್ನಿಧಿಯಲ್ಲೂ ಪಿಂಡಪ್ರದಾನ ಮಾಡುವ ಸಂಪ್ರದಾಯ ಹಳೆಯದು. ಅಂದರೆ ಬೋಧಗಯೆಯನ್ನು ಪಟ್ಟಿಯಿಂದ ಬಿಡುವವರು ತಮ್ಮದೇ ಶ್ರಾದ್ಧದ ಒಂದು ಭಾಗವನ್ನೂ ಬಿಟ್ಟು ಬರುತ್ತಿದ್ದಾರೆ.

ಈ ಮಾತು ಬರೀ ಸಂಪ್ರದಾಯದ್ದಲ್ಲ, ಕಾನೂನಿನಲ್ಲೂ ಇದೆ. ಬೋಧಗಯೆಯ ಮಹಾಬೋಧಿ ಮಂದಿರದ ಆಡಳಿತಕ್ಕಾಗಿ ಬಿಹಾರದ ಶಾಸನಸಭೆ 1949ರಲ್ಲಿ ಮಾಡಿದ ಕಾಯ್ದೆಯು ಹಿಂದೂಗಳಿಗೂ ಬೌದ್ಧರಿಗೂ ಪೂಜೆಗಾಗಿ ಅಥವಾ ಪಿಂಡದಾನಕ್ಕಾಗಿ ಮಂದಿರಕ್ಕೂ ಅದರ ನೆಲಕ್ಕೂ ಪ್ರವೇಶವಿದೆ ಎಂದು ಹೇಳಿ, ಜೊತೆಗೇ ಪ್ರಾಣಿಬಲಿ ಕೊಡಬಾರದು, ಮದ್ಯ ತರಬಾರದು, ಪಾದರಕ್ಷೆ ಹಾಕಿಕೊಂಡು ಮಂದಿರದೊಳಗೆ ಹೋಗಬಾರದು ಎಂದೂ ವಿಧಿಸುತ್ತದೆ. ಶತಮಾನಗಳ ಕಾಲ ಆ ಮಂದಿರ ಅಲ್ಲಿಯ ಶೈವ ಮಠದ ಮಹಂತರ ವಶದಲ್ಲಿತ್ತು. 1880ರ ದಶಕದಲ್ಲಿ ಪುರಾತತ್ವಜ್ಞ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮರ ಕಾಲದಲ್ಲಿ ಜೀರ್ಣೋದ್ಧಾರವಾಯಿತು. 1891ರಲ್ಲಿ ಬಂದ ಧರ್ಮಪಾಲರು ಮಂದಿರವನ್ನು ಬೌದ್ಧರಿಗೆ ಬಿಟ್ಟುಕೊಡಬೇಕೆಂದು ಹೋರಾಟ ಹೂಡಿದರು. ಆ ಹೋರಾಟದ ಬಹುಕಾಲದ ನಂತರ ಬಂದ ಈ ಕಾಯ್ದೆಯು ನಾಲ್ವರು ಹಿಂದೂ, ನಾಲ್ವರು ಬೌದ್ಧ ಸದಸ್ಯರ ಸಮಿತಿಯನ್ನು ರಚಿಸಿ ಗಯಾ ಜಿಲ್ಲಾಧಿಕಾರಿಯನ್ನು ಅದರ ಅಧ್ಯಕ್ಷರನ್ನಾಗಿ ಮಾಡಿತು. ಜಿಲ್ಲಾಧಿಕಾರಿ ಹಿಂದೂ ಅಲ್ಲದಿದ್ದರೆ ಬೇರೆ ಹಿಂದೂವನ್ನು ಅಧ್ಯಕ್ಷರನ್ನಾಗಿ ನೇಮಿಸಬೇಕೆಂಬ ಷರತ್ತು 2013ರ ತಿದ್ದುಪಡಿಯವರೆಗೂ ಇತ್ತು.

2025ರಲ್ಲಿ ಬೌದ್ಧ ಭಿಕ್ಷುಗಳು ಈ ಕಾಯ್ದೆಯನ್ನು ರದ್ದುಪಡಿಸಬೇಕೆಂದು ಬೋಧಗಯೆಯಲ್ಲಿ ದೀರ್ಘ ಧರಣಿ ನಡೆಸಿದಾಗ, ನಮ್ಮ ಕಡೆಯ ಹಲವರು ಮೊಬೈಲಿನಲ್ಲಿ ಹರಿಬಿಟ್ಟ ಮಾತುಗಳನ್ನು ಓದಿ ಬೇಸರವಾಯಿತು. ನಮ್ಮ ಮನೆಗಳಲ್ಲಿ ಪ್ರತಿ ಪೂಜೆಯ ಸಂಕಲ್ಪದಲ್ಲೂ ‘ಬೌದ್ಧಾವತಾರೇ’ ಎಂದು ಉಚ್ಚರಿಸುತ್ತೇವೆ ಎಂಬುದು ನಿಜ. ಆದರೆ ಅದನ್ನೇ ಹಿಡಿದುಕೊಂಡು ಬುದ್ಧನು ವಿಷ್ಣುವಿನ ಅವತಾರ, ಆದ್ದರಿಂದ ಮಂದಿರವೂ ನಮ್ಮದೇ ಎಂದು ಸಾಧಿಸುವುದು ನ್ಯಾಯವಲ್ಲ. 1956ರ ಅಕ್ಟೋಬರಿನಲ್ಲಿ ನಾಗಪುರದಲ್ಲಿ ಡಾ. ಅಂಬೇಡ್ಕರ್ ಅವರು ತಮ್ಮ ಅನುಯಾಯಿಗಳಿಗೆ ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಆ ಅವತಾರದ ಮಾತನ್ನು ನಂಬುವುದಿಲ್ಲ ಎಂಬುದೂ ಒಂದು. ಒಬ್ಬರ ಸಂಕಲ್ಪ ಇನ್ನೊಬ್ಬರ ಮೇಲೆ ಹಕ್ಕುಪತ್ರವಾಗಲಾರದು. ಪಿಂಡದಾನದ ಹಕ್ಕು ಉಳಿಯುವುದಾದರೆ, ಬುದ್ಧನಿಗೆ ಜ್ಞಾನೋದಯವಾದ ಸ್ಥಳದ ಆಡಳಿತ ಬೌದ್ಧರ ಕೈಯಲ್ಲಿರುವುದೇ ಸರಿಯೆಂದು ನನ್ನ ಅಭಿಪ್ರಾಯ. ಇದನ್ನು ಒಪ್ಪದವರೂ ಇದ್ದಾರೆ, ಅವರ ಪತ್ರಗಳನ್ನೂ ತಾವು ಪ್ರಕಟಿಸಬೇಕು. ಒಪ್ಪಲಿ ಬಿಡಲಿ, ಆ ಸ್ಥಳವನ್ನು ಸಾವಧಾನವಾಗಿ ನೋಡಿ ಬಂದವರು ಆಡುವ ಮಾತಿಗೂ ಬಸ್ಸಿನಲ್ಲೇ ಕುಳಿತು ಬಂದವರ ಮಾತಿಗೂ ವ್ಯತ್ಯಾಸವಿರುತ್ತದೆ. ಅಲ್ಲಿ ಪ್ರಾಂಗಣದ ಒಂದು ಸಣ್ಣ ಗುಡಿಯಲ್ಲಿ ಬುದ್ಧನ ವಿಗ್ರಹಗಳೇ ಪಂಚಪಾಂಡವರೆಂದು ಪೂಜೆಗೊಳ್ಳುತ್ತವೆ. ಹಳೆಯ ಕಲ್ಲು ಕಂಡಲ್ಲೆಲ್ಲ ಪಾಂಡವರ ಕಥೆ ಹೇಳುವ ನಮ್ಮ ಹಳ್ಳಿಗಳವರಿಗೆ ಇದು ಹೊಸದೆನಿಸಲಾರದು.

ಹಿಮಾಲಯದ ಕಡೆ ಹೋಗುವವರಿಗೆ ಹಿಮಾಚಲ ಪ್ರದೇಶದ ಲಾಹೌಲಿನ ತ್ರಿಲೋಕನಾಥವನ್ನು ಸೂಚಿಸಬಹುದು. ಒಂದೇ ಮೂರ್ತಿಯನ್ನು ಹಿಂದೂಗಳು ಶಿವನೆಂದೂ ಬೌದ್ಧರು ಬೋಧಿಸತ್ವ ಅವಲೋಕಿತೇಶ್ವರನೆಂದೂ ಪೂಜಿಸುತ್ತಾರೆ. ಆಗಸ್ಟ್ ತಿಂಗಳಲ್ಲಿ ಪೌರಿ ಜಾತ್ರೆಗೆ ಇಬ್ಬರೂ ಸೇರುತ್ತಾರೆ. 2020ರಲ್ಲಿ ಅಟಲ್ ಸುರಂಗ ತೆರೆದ ಮೇಲೆ ಮನಾಲಿಯಿಂದ ಅಲ್ಲಿಗೆ ಹೋಗುವುದು ಮೊದಲಿನಷ್ಟು ಕಷ್ಟವಲ್ಲ.

ಕೇದಾರದ ನಂಟಂತೂ ನಮಗೆ ಮನೆಯ ನಂಟು. ಅಲ್ಲಿಯ ಪ್ರಧಾನ ಅರ್ಚಕರಾದ ರಾವಲರು ಕರ್ನಾಟಕ ಮೂಲದ ವೀರಶೈವ ಜಂಗಮರು. ಬಾಳೆಹೊನ್ನೂರಿನ ರಂಭಾಪುರಿ ಪೀಠಕ್ಕೆ ನಡೆದುಕೊಳ್ಳುವವರಿಗೆ ಊಖೀಮಠದ ಕೇದಾರ ಪೀಠವೂ ಕಾಶಿಯ ಜಂಗಮವಾಡಿ ಮಠವೂ ಹೊಸ ಹೆಸರುಗಳಲ್ಲ. ದೀಪಾವಳಿಯ ಬಲಿಪಾಡ್ಯಮಿಯನ್ನು ನಾವು ಮುಗಿಸಿದ ಮರುದಿನ, ಯಮದ್ವಿತೀಯೆಯಂದು, ಕೇದಾರನಾಥದ ಬಾಗಿಲು ಮುಚ್ಚಿ ಉತ್ಸವಮೂರ್ತಿ ಊಖೀಮಠಕ್ಕೆ ಇಳಿದುಬರುತ್ತದೆ. ಮತ್ತೆ ಬಾಗಿಲು ತೆರೆಯುವ ದಿನವನ್ನು ಗೊತ್ತುಪಡಿಸುವುದು ಶಿವರಾತ್ರಿಯಂದು. ಅದೇ ಕೇದಾರನ ಹೆಸರಿನಲ್ಲಿ ದಕ್ಷಿಣ ಕೇದಾರವೆಂದು ಪ್ರಸಿದ್ಧವಾದ ಕೇದಾರೇಶ್ವರ ದೇವಾಲಯ ಇರುವುದು ನಮ್ಮ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ. ಅಲ್ಲಿದ್ದ ಕೋಡಿಯಮಠವನ್ನು ವರ್ಣಿಸುವ 1162ರ ಶಾಸನ, ವ್ಯಾಕರಣ, ವೇದ, ಪುರಾಣಗಳ ಜೊತೆಗೆ ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ ಹಾಗೂ ಬೌದ್ಧ ದರ್ಶನಗಳಿಗೂ ಆ ಮಠ ವ್ಯಾಖ್ಯಾನದ ಸ್ಥಾನವಾಗಿತ್ತೆಂದು ಹೇಳುತ್ತದೆ. ಬಂದ ಸನ್ಯಾಸಿಗಳು ಯಾವ ಪಂಥದವರೇ ಆಗಿರಲಿ ಅಲ್ಲಿ ಅನ್ನವಿತ್ತು, ರೋಗಿಗಳಿಗೆ ಚಿಕಿತ್ಸೆಯಿತ್ತು. ಕಾಳಾಮುಖ ಶೈವರ ಮಠವೊಂದು ತನ್ನ ಹಿರಿಮೆಯ ಪಟ್ಟಿಯಲ್ಲಿ ಬೌದ್ಧ ದರ್ಶನದ ಪಾಠವನ್ನೂ ಸೇರಿಸಿಕೊಂಡದ್ದು ಸಣ್ಣ ವಿಷಯವಲ್ಲ. ಅದಕ್ಕೂ ಸುಮಾರು ನೂರು ವರ್ಷ ಮೊದಲು, 1065ರಲ್ಲಿ, ಚಾಲುಕ್ಯರ ದಂಡನಾಯಕ ರೂಪಭಟ್ಟಯ್ಯ ಇದೇ ಬಳ್ಳಿಗಾವಿಯಲ್ಲಿ ಬೌದ್ಧ ವಿಹಾರವೊಂದನ್ನು ಕಟ್ಟಿಸಿ ಬೌದ್ಧ ದೇವತೆ ತಾರಾ ಭಗವತಿಯ ಪೂಜೆಗೆ ದತ್ತಿ ಬಿಟ್ಟಿದ್ದ. ಆ ಊರಿನಲ್ಲಿ ಹರಿ, ಹರ, ಬ್ರಹ್ಮ, ಜಿನ, ಬುದ್ಧ ಐವರಿಗೂ ನೆಲೆಯಿತ್ತೆಂದು ಶಾಸನಗಳು ಹೆಮ್ಮೆಯಿಂದ ಹೇಳಿಕೊಳ್ಳುತ್ತವೆ. ಇಂಥ ಊರಿನ ನೆರೆಯಲ್ಲಿರುವ ನಾವು ಸಾರನಾಥದ ಬಾಗಿಲಲ್ಲಿ ‘ಅದು ನಮ್ಮದಲ್ಲ’ ಎಂದು ಬಸ್ಸಿನಲ್ಲೇ ಕುಳಿತಿರುವುದು ವಿಚಿತ್ರ. ಭಾನುವಾರ ಬಂತೆಂದರೆ ಮುಂಡಗೋಡಿನ ಟಿಬೆಟನ್ ಮಠಗಳಿಗೆ ಕಾರು ಹತ್ತಿ ಹೋಗಿ ಚಿತ್ರ ತೆಗೆದುಕೊಂಡು ಬರುವವರೂ ನಾವೇ ಅಲ್ಲವೇ.

ವ್ಯವಸ್ಥಾಪಕರ ಕಷ್ಟವೂ ನನಗೆ ಅರ್ಥವಾಗುತ್ತದೆ. ಕಾರ್ತಿಕ ಹುಣ್ಣಿಮೆ ಬರುವುದು ತೋಟದಲ್ಲಿ ಕೊನೆ, ಅಂದರೆ ಅಡಿಕೆ ಗೊನೆ, ಇಳಿಸುವ ಕೆಲಸ ಏರುವ ಹೊತ್ತಿನಲ್ಲಿ. ಕೊನೆಗಾರರು ಸಿಗುವುದೇ ದುರ್ಲಭವಾಗಿರುವಾಗ ತೋಟದವರು ಯಾತ್ರೆಗೆ ಹೊರಡಲಾರರು. ವೈಶಾಖದ ಬುದ್ಧ ಪೂರ್ಣಿಮೆ ಬೋಧಗಯೆಯ ದೊಡ್ಡ ಹಬ್ಬವಾದರೂ ಆಗ ಗಯೆಯ ಬಿಸಿಲಿಗೆ ಮಲೆನಾಡಿನ ವಯಸ್ಸಾದವರನ್ನು ಕರೆದೊಯ್ಯುವುದು ಕ್ಷೇಮವಲ್ಲ. ಡಿಸೆಂಬರ್, ಜನವರಿಯಲ್ಲಿ ಬೋಧಿವೃಕ್ಷದ ಕೆಳಗೆ ಹಲವು ದೇಶಗಳ ಭಿಕ್ಷುಗಳ ಪಠಣ, ಪ್ರಾರ್ಥನೆಗಳು ನಡೆಯುವುದನ್ನು ನೋಡುವುದೇ ಒಂದು ಭಾಗ್ಯ, ಆದರೆ ಮಂಜಿನಿಂದಾಗಿ ರೈಲುಗಳು ಗಂಟೆಗಟ್ಟಲೆ ತಡವಾಗುತ್ತವೆ. ಆದ್ದರಿಂದ ಶಿಕ್ಷಕರು, ನೌಕರರು, ನಿವೃತ್ತರು ಇರುವ ತಂಡಗಳಿಗೆ ಕಾರ್ತಿಕ ಹುಣ್ಣಿಮೆಯ ಪ್ರವಾಸವನ್ನೂ, ತೋಟದವರಿಗೆ ಫೆಬ್ರುವರಿ, ಮಾರ್ಚ್ ತಿಂಗಳ ಪ್ರವಾಸವನ್ನೂ ಹೊಂದಿಸಿ, ಎರಡರಲ್ಲೂ ಸಾರನಾಥಕ್ಕೆ ಮತ್ತು ಬೋಧಗಯೆಗೆ ಒಂದೊಂದು ಪೂರ್ತಿ ದಿನ ಕೊಡುವುದು ಅಸಾಧ್ಯವೇನಲ್ಲ. ಬೇಕಿದ್ದರೆ ದೆಹಲಿಯ ಅಂಗಡಿ ಬೀದಿಗಳಿಗೆ ಇಟ್ಟ ದಿನವನ್ನು ಕಡಿತ ಮಾಡಲಿ. ಸೀರೆ ನಮ್ಮ ಶಿವಮೊಗ್ಗದ ಗಾಂಧಿ ಬಜಾರಿನಲ್ಲೂ ಸಿಗುತ್ತದೆ.

ಧಾರ್ಮಿಕ ದತ್ತಿ ಇಲಾಖೆಗೆ ನನ್ನ ವಿನಂತಿ ಎರಡು. ಕಾಶಿ ದರ್ಶನ ರೈಲಿನ ಮಾರ್ಗಪಟ್ಟಿಯಲ್ಲಿ ಸಾರನಾಥವನ್ನು ಖಚಿತವಾಗಿ ನಮೂದಿಸಿ, ಗಯೆ ಇರುವ ಪ್ರವಾಸಗಳಲ್ಲಿ ಬೋಧಗಯೆಯನ್ನೂ ಸೇರಿಸಬೇಕು. ಕಾಶಿಯಲ್ಲಿ ಹಿಂದೆ ಮೈಸೂರು ಘಾಟ್ ಎನ್ನುತ್ತಿದ್ದ ಕರ್ನಾಟಕ ಘಾಟ್ ಇದೆ. ಅದರ ಬಳಿಯೇ, ಆ ವರ್ಷದ ಕಾರ್ತಿಕ, ಆಷಾಢ, ವೈಶಾಖ ಹುಣ್ಣಿಮೆಗಳ ದಿನಾಂಕಗಳನ್ನೂ ಸಾರನಾಥಕ್ಕೆ ಹೋಗುವ ದಾರಿಯನ್ನೂ ಕನ್ನಡದಲ್ಲಿ ಬರೆದ ಒಂದು ಫಲಕ ಹಾಕಿಸಿದರೆ ದೊಡ್ಡ ಉಪಕಾರವಾಗುತ್ತದೆ. ತಮ್ಮ ಪತ್ರಿಕೆಯೂ ಯಾತ್ರೆಯ ಕಾಲದಲ್ಲಿ ಈ ಹಬ್ಬಗಳ ದಿನಾಂಕ ಮತ್ತು ಸ್ಥಳದ ಮಾಹಿತಿಯನ್ನು ಜಾಹೀರಾತಿನ ಪಕ್ಕದಲ್ಲೇ ಪ್ರಕಟಿಸಲಿ. ಅದರಲ್ಲಿ ಒಂದು ಸಾಲು ತಪ್ಪದೆ ಇರಬೇಕು: ಅಶೋಕನ ನಾಲ್ಕು ಸಿಂಹಗಳ ಶಿರೋಭಾಗ ಇರುವ ಸಾರನಾಥದ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ, ಆದ್ದರಿಂದ ಪ್ರವಾಸದ ಪಟ್ಟಿ ಮಾಡುವವರು ಆ ದಿನವನ್ನು ಕಾಶಿಗೇ ಇಟ್ಟುಕೊಳ್ಳಲಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಉಪನ್ಯಾಸಕ,
ಶಿರಾಳಕೊಪ್ಪ, ಶಿವಮೊಗ್ಗ ಜಿಲ್ಲೆ