ಹಟ, ಸಿಟ್ಟು, ಒಡಿಡಿ: ಪೋಷಕರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಒಡಿಡಿ (Oppositional Defiant Disorder) ಅಂದರೆ ಮಕ್ಕಳಲ್ಲಿ ಸಿಡುಕು, ಎದುರಾಟ ಅತಿಯಾಗಿ, ಬಹುಕಾಲ ಕಾಣುವ ಮಾನಸಿಕ ತೊಂದರೆ. ‘ಎದುರು ಮಾತಾಡೋ ಮಕ್ಕಳಿಗೆಲ್ಲ ಒಡಿಡಿ’ ಅನ್ನುವ ಫಾರ್ವರ್ಡ್ ಮುಂದಕ್ಕೆ ಕಳಿಸಬೇಡಿ. ಮನೋವೈದ್ಯರು ಬಳಸುವ 2013ರ ಡಿಎಸ್‌ಎಂ-5 ಕೈಪಿಡಿ ಒಡಿಡಿಯ ಎಂಟು ಲಕ್ಷಣಗಳನ್ನು ಮೂರು ಗೊಂಚಲು ಮಾಡಿದೆ: ಸಿಡುಕು, ಎದುರುವಾದ, ಸೇಡು. ಕನಿಷ್ಠ ನಾಲ್ಕಾದರೂ ಆರು ತಿಂಗಳು ಕಾಣಬೇಕು. ಬರೀ ಅಣ್ಣ-ತಂಗಿ ಜಗಳ ಲೆಕ್ಕಕ್ಕಿಲ್ಲ.

ನಾವು ಗದರುವುದು ಎದುರುತ್ತರಕ್ಕೆ. ಆದರೆ ಪೆನ್ಸಿಲ್ ಮೊನೆ ಮುರಿದರೂ ಪುಸ್ತಕ ಎಸೆದು, ಸಂಜೆವರೆಗೆ ಮುಖ ಊದಿಸಿಕೊಂಡಿರುವ ಮಗು ಇದೆಯಲ್ಲ, ಆ ಸಿಡುಕಿನ ಗೊಂಚಲೇ ಮುಂದೆ ಖಿನ್ನತೆ, ಆತಂಕದ ಕಡೆಗೆ ಹೆಚ್ಚು ವಾಲುವುದು. ‘ಮಾಡಲ್ಲ, ಹೋಗು’ ಅನ್ನುವ ಗೊಂಚಲಿನ ನಂಟು ಹೆಚ್ಚಾಗಿ ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ), ನಡತೆಯ ತೊಂದರೆಗಳ ಜೊತೆ. ಒಂದೇ ಮಗುವಿನಲ್ಲಿ ಎರಡೂ ಬೆರೆತಿರುವುದು ಮಾಮೂಲು.

ಡಾಕ್ಟರ ಹತ್ತಿರ ಹೋಗುವಾಗ ಎರಡು ವಾರದ ಡೈರಿ ಒಯ್ಯಿರಿ: ಯಾವಾಗ ಸಿಟ್ಟು, ಯಾರ ಮೇಲೆ, ಎಷ್ಟು ಹೊತ್ತು.